ಸರ್ವಾಂಗವೇದನೆಯೂ ಕಾಕತಾಳೀಯ ನ್ಯಾಯವೂ

೧

ಕಾಗೆಯೊಂದು ಹಾರಿಬಂದು ತಾಳೆಯ ಮರದ ಮೇಲೆ ಕುಳಿತಿತು. ಆ ಕ್ಷಣದಲ್ಲಿಯೇ ತಾಳೆಯ ಹಣ್ಣೊಂದು ಕೆಳಕ್ಕೆ ಬಿದ್ದಿತು. ನೋಡುತ್ತಿದ್ದವನು ಕಾಗೆಯೇ ಹಣ್ಣನ್ನು ಕೆಡವಿತೆಂದು ನಿಶ್ಚಯಿಸಿದನು. ಹಣ್ಣು ಮಾಗಿದ್ದಿತೆಂಬುದನ್ನಾಗಲಿ, ಕಾಗೆಯು ಬಾರದಿದ್ದರೂ ಅದು ಬೀಳುತ್ತಿದ್ದಿತೆಂಬುದನ್ನಾಗಲಿ ಅವನು ಆಲೋಚಿಸಲಿಲ್ಲ. ಇದಕ್ಕೆ ಕಾಕತಾಳೀಯ ನ್ಯಾಯವೆಂದು ಹೆಸರು. ಪಾಠಶಾಲೆಯಲ್ಲಿ ಬಾಲ್ಯದಲ್ಲಿ ನಾನು ಕಲಿತು, ತರುವಾಯ ಮೂವತ್ತು ವರ್ಷಕಾಲ ಮಕ್ಕಳಿಗೆ ಕಲಿಸಿದ ನ್ಯಾಯವಿದು. ನನ್ನ ಮನೆಯಲ್ಲಿಯೇ ಇದರ ಉಪಯೋಗವು ಬೇಕಾಗಿ ಬಂದಾಗ ಮಾತ್ರ ನಾನು ಇದನ್ನು ಮರೆತೆನು. ಪ್ರಕೃತ ಲೇಖನಕ್ಕೆ ಆ ಮರವೆಯೇ ಕಾರಣ.

ನನ್ನ ತಂಗಿಗೆ ಹಲವು ವರ್ಷಗಳಿಂದ ಮೈಯೆಲ್ಲ ನೋವು. ಕುತ್ತಿಗೆ, ಭುಜ, ಬೆನ್ನು, ಸೊಂಟ, ತೊಡೆ, ಇವುಗಳಲ್ಲಿ ಇಂದು ಒಂದು, ನಾಳೆ ಇನ್ನೊಂದು, ಕೆಲವು ದಿನ ಎಲ್ಲವೂ. ರಾತ್ರಿ ಮಲಗಿದರೂ ಬೆಳಗ್ಗೆ ಏಳುವಾಗ ನಿದ್ರೆಯೇ ಮಾಡದವಳಂತೆ ಬಳಲಿಕೆ. ರಕ್ತಪರೀಕ್ಷೆಯಾಯಿತು, ಎಕ್ಸ್-ರೇ ತೆಗೆದದ್ದಾಯಿತು. ಎಲ್ಲವೂ ಸರಿಯಾಗಿದೆಯೆಂದೇ ಉತ್ತರ. ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮೇಲೆ ನೋವೂ ಇಲ್ಲವೆಂದು ಮನೆಯವರು ಭಾವಿಸಿದರು. ಕೆಲಸಗಳ್ಳತನವೆಂದವರೂ ಉಂಟು. ನಾನು ಹಾಗೆ ಬಾಯಿಬಿಟ್ಟು ಹೇಳಲಿಲ್ಲವಾದರೂ ಹೇಳಿದವರನ್ನು ತಡೆಯಲಿಲ್ಲ.

ಆಗ ಪರಿಚಿತರೊಬ್ಬರ ಮಾತಿನಮೇಲೆ ನಾನೇ ಒಂದು ಪುಡಿಯನ್ನು ತರಿಸಿಕೊಟ್ಟೆನು. ಪೊಟ್ಟಣದ ಮೇಲೆ ಮಾರಿದವನ ಹೆಸರಿರಲಿಲ್ಲ, ಒಳಗೆ ಏನಿದೆಯೆಂಬ ವಿವರವೂ ಇರಲಿಲ್ಲ. ಗಿಡಮೂಲಿಕೆ ಮಾತ್ರವೆಂಬ ಭರವಸೆಯಿತ್ತು. ಒಂದು ವಾರದೊಳಗೆ ತಂಗಿ ಎದ್ದು ಓಡಾಡಿದಳು. ಆ ಪುಡಿಯನ್ನು ನಾನು ನಾಲ್ಕಾರು ಮನೆಗಳಲ್ಲಿ ಹೊಗಳಿದೆನು. ಕೆಲವು ತಿಂಗಳು ಕಳೆಯಲು ಅವಳ ಮುಖವು ಚಂದ್ರನಂತೆ ದುಂಡಗಾಯಿತು, ರಕ್ತದಲ್ಲಿ ಸಕ್ಕರೆ ಏರಿತು, ನೋವು ಮೊದಲಿನಂತೆಯೇ ಮರಳಿ ಬಂದಿತು. ವೈದ್ಯರು ನೋಡಿ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬೇಕೆಂದು ಹೇಳಿ, ಅದನ್ನು ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೆ ಅಪಾಯವೆಂದು ಎಚ್ಚರಿಸಿ, ತಮ್ಮ ಮೇಲ್ವಿಚಾರಣೆಯಲ್ಲಿ ಮೆಲ್ಲಮೆಲ್ಲನೆ ಇಳಿಸಿ ಬಿಡಿಸಿದರು. ಅವಳ ರೋಗಕ್ಕೆ ಫೈಬ್ರೊಮಯಾಲ್ಜಿಯವೆಂಬ ಹೆಸರನ್ನು ಹೇಳಿದವರೂ ಅವರೇ.

ಇಂತಹ ರೋಗದಲ್ಲಿ ಮದ್ದುಗಳನ್ನು ತೂಗಿನೋಡುವ ಬಗೆ ಹೇಗೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದುತ್ತ ಹೋದಾಗ ನನಗೆ ದೊರೆತ ಇತಿಹಾಸವನ್ನು ವಾಚಕರ ಮುಂದೆ ಇಡುತ್ತೇನೆ.

೨

ಮೊದಲು ಹೆಸರಿನ ವಿಚಾರ. ಮೈಯ ಸ್ನಾಯುಗಳಲ್ಲಿ ಅಲೆದಾಡುವ ನೋವನ್ನು ಯೂರೋಪಿನ ವೈದ್ಯರು ಬಹುಕಾಲ ‘ರೂಮ್ಯಾಟಿಸಂ’ ಎಂಬ ಒಂದೇ ದೊಡ್ಡ ಚೀಲದಲ್ಲಿ ತುಂಬಿದ್ದರು. ೧೯೦೪ನೆಯ ಇಸವಿಯಲ್ಲಿ ಇಂಗ್ಲೆಂಡಿನ ನರವೈದ್ಯ ಸರ್ ವಿಲಿಯಂ ಗವರ್ಸರು ಸೊಂಟನೋವನ್ನು ಕುರಿತ ಉಪನ್ಯಾಸವೊಂದರಲ್ಲಿ ‘ಫೈಬ್ರೊಸೈಟಿಸ್’ ಎಂಬ ಶಬ್ದವನ್ನು ಬಳಕೆಗೆ ತಂದರು. ನಾರಿನಂತಹ ಅಂಗಾಂಶದ ಉರಿಯೂತವೆಂದು ಅದರ ಅರ್ಥ. ಅದೇ ವರ್ಷ ಗ್ಲಾಸ್ಗೋ ನಗರದ ರಾಲ್ಫ್ ಸ್ಟಾಕ್‌ಮನ್ನರು ಅಂತಹ ರೋಗಿಗಳ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಉರಿಯೂತದ ಗುರುತನ್ನು ಕಂಡೆನೆಂದು ಪ್ರಕಟಿಸಿದರು. ತರುವಾಯದ ಶೋಧಕರಿಗೆ ಅದು ಕಾಣಲಿಲ್ಲ. ಉರಿಯೂತವು ಇಲ್ಲವಾಯಿತು, ಅದರ ಹೆಸರು ಮಾತ್ರ ಎಪ್ಪತ್ತು ವರ್ಷ ಉಳಿಯಿತು.

ಕಾಣದ ಮೇಲೆ ಏನು ಮಾಡುವುದು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆಗಳಿಗೆ ಇಂತಹ ನೋವನ್ನು ಹೇಳಿಕೊಂಡು ಅನೇಕ ಸಿಪಾಯಿಗಳು ಬಂದರು. ೧೯೪೩ರಲ್ಲಿ ಅದಕ್ಕೆ ‘ಮನಸ್ಸಿನಿಂದ ಹುಟ್ಟಿದ ರೂಮ್ಯಾಟಿಸಂ’ ಎಂಬ ಹೆಸರು ಬಂದಿತು. ಉರಿಯೂತವು ಸಿಕ್ಕಲಿಲ್ಲ, ಆದುದರಿಂದ ನೋವು ಮನಸ್ಸಿನದು, ಎಂಬುದು ಇಲ್ಲಿಯ ಅನುಮಾನ. ಹೊಗೆಯು ಕಾಣದಿದ್ದ ಮಾತ್ರಕ್ಕೆ ಬೆಂಕಿಯಿಲ್ಲವೆಂದು ಹೇಳಲಾಗದೆಂಬುದನ್ನು ತರ್ಕಶಾಸ್ತ್ರದ ಮೊದಲನೆಯ ವರ್ಷದ ವಿದ್ಯಾರ್ಥಿಯೂ ಬಲ್ಲನು. ಕಾದ ಕಬ್ಬಿಣದಲ್ಲಿ ಹೊಗೆಯುಂಟೆ?

ಮಾರ್ಗವು ತೆರೆದದ್ದು ಕೆನಡ ದೇಶದ ಟೊರಾಂಟೊ ನಗರದಲ್ಲಿ. ಅಲ್ಲಿ ಹ್ಯೂ ಸ್ಮೈತ್ ಮತ್ತು ಹಾರ್ವಿ ಮೋಲ್ಡಾಫ್ಸ್ಕಿ ಎಂಬ ವೈದ್ಯರೂ ಅವರ ಜತೆಗಾರರೂ ಈ ರೋಗಿಗಳ ನಿದ್ರೆಯನ್ನು ಯಂತ್ರದ ಮೂಲಕ ಪರೀಕ್ಷಿಸಿದರು. ಗಾಢನಿದ್ರೆಯ ನಡುವೆ ಎಚ್ಚರದ ಕಾಲದ ತರಂಗಗಳು ನುಗ್ಗುತ್ತಿರುವುದು ಅವರಿಗೆ ಕಂಡಿತು. ಆರೋಗ್ಯವಂತರಾದ ಸ್ವಯಂಸೇವಕರ ಗಾಢನಿದ್ರೆಯನ್ನು ಸದ್ದಿನಿಂದ ಕೆಡಿಸಿದಾಗ ಅವರಿಗೂ ಮೈನೋವು, ಬಳಲಿಕೆಗಳು ಹುಟ್ಟಿದವು. ೧೯೭೫ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಫಿಲಿಪ್ ಹೆಂಚ್ ಎಂಬವರು, ಉರಿಯೂತವೆಂಬ ಅರ್ಥವನ್ನು ಕೊಡುವ ಹಳೆಯ ಹೆಸರನ್ನು ಬಿಟ್ಟು, ನೋವೆಂಬಷ್ಟನ್ನೇ ಹೇಳುವ ‘ಫೈಬ್ರೊಮಯಾಲ್ಜಿಯ’ ಶಬ್ದವನ್ನು ಮುಂದಿಟ್ಟರು. ೧೯೮೧ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಮಹಮ್ಮದ್ ಯೂನಸ್ ಎಂಬ ವೈದ್ಯರು ೫೦ ಮಂದಿ ರೋಗಿಗಳನ್ನು ೫೦ ಮಂದಿ ಆರೋಗ್ಯವಂತರೊಡನೆ ಹೋಲಿಸಿ ಲಕ್ಷಣಗಳನ್ನು ಕ್ರಮಪಡಿಸಿದರು. ೧೯೯೦ರಲ್ಲಿ ಅಮೆರಿಕದ ಸಂಧಿವಾತವೈದ್ಯರ ಸಂಸ್ಥೆಯು ಮೈಯಲ್ಲಿ ೧೮ ಸ್ಥಾನಗಳನ್ನು ಗುರುತಿಸಿ, ಒತ್ತಿದಾಗ ೧೧ರಲ್ಲಾದರೂ ನೋವಿರಬೇಕೆಂದು ನಿಯಮಿಸಿತು. ೨೦೧೦ರಲ್ಲಿ ಬಂದ ಹೊಸ ಕ್ರಮವು ಈ ಒತ್ತಿನೋಡುವ ಪರೀಕ್ಷೆಯನ್ನು ಅವಶ್ಯಕವೆಂದೆಣಿಸದೆ, ನೋವು ಎಷ್ಟು ಭಾಗಗಳಲ್ಲಿ ಹರಡಿದೆ, ಬಳಲಿಕೆ, ತೃಪ್ತಿಯಿಲ್ಲದ ನಿದ್ರೆ, ಮರವೆಗಳು ಎಷ್ಟಿವೆ, ಮೂರು ತಿಂಗಳಿಗೆ ಕಡಮೆಯಿಲ್ಲದೆ ಇವು ಇದ್ದವೆ, ಎಂಬುದನ್ನು ಕೇಳಿತು. ಎಂದರೆ ರೋಗಿಯ ಮಾತಿಗೆ ಕಡೆಗೂ ಪ್ರಮಾಣದ ಸ್ಥಾನ ಸಿಕ್ಕಿತು.

ಇದರ ನಡುವೆ, ೨೦೦೨ರಲ್ಲಿ, ರಿಚರ್ಡ್ ಗ್ರೇಸ್ಲಿ ಮತ್ತು ಅವರ ಜತೆಗಾರರು ೧೬ ರೋಗಿಗಳ ಮತ್ತು ೧೬ ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಒತ್ತುತ್ತ ಅವರ ಮಿದುಳಿನ ಚಿತ್ರಗಳನ್ನು ತೆಗೆದರು. ಆರೋಗ್ಯವಂತನಿಗೆ ಬಹಳ ಒತ್ತಿದಾಗ ಮಿದುಳಿನಲ್ಲಿ ಕಾಣುವ ಪ್ರತಿಕ್ರಿಯೆಯು ರೋಗಿಗೆ ಸ್ವಲ್ಪ ಒತ್ತಿದಾಗಲೇ ಕಂಡಿತು. ಒಂದು ದೃಷ್ಟಾಂತವನ್ನು ಹೇಳುವುದಾದರೆ, ತಂಬೂರಿಯ ತಂತಿಯನ್ನು ಅತಿಯಾಗಿ ಬಿಗಿದಿರುವಾಗ ಗಾಳಿ ಸೋಂಕಿದರೂ ಅದು ಮಿಡಿಯುವುದು. ದೋಷವು ಗಾಳಿಯಲ್ಲಿಲ್ಲ, ಬಿಗಿಯಲ್ಲಿದೆ. ಈ ರೋಗದಲ್ಲಿ ನೋವನ್ನು ಹೊತ್ತು ತರುವ ಮತ್ತು ಅಳೆಯುವ ನರಮಂಡಲವೇ ಹೆಚ್ಚಾಗಿ ಬಿಗಿದಿದೆಯೆಂದು ಇಂದಿನ ತಿಳಿವಳಿಕೆ.

ಈ ಇತಿಹಾಸದಿಂದ ನಾವು ತಿಳಿಯತಕ್ಕ ಮೊದಲನೆಯ ಸಂಗತಿಯೇನೆಂದರೆ, ನೋವನ್ನು ಸುಳ್ಳೆಂದವರ ಬಾಗಿಲಿನಿಂದ ರೋಗಿಯು ಎದ್ದುಹೋಗುವನು. ನಿಜವೆಂದವರು ಯಾರೇ ಆಗಲಿ ಅವರ ಬಾಗಿಲಿಗೆ ಸೇರುವನು. ನನ್ನ ತಂಗಿಯು ಹೆಸರಿಲ್ಲದ ಪುಡಿಯನ್ನು ನಂಬಿದುದಕ್ಕೆ ಅವಳ ಅಜ್ಞಾನವು ಕಾರಣವಲ್ಲ. ನಾವು ಅವಳನ್ನು ನಂಬದಿದ್ದುದೇ ಕಾರಣ.

೩

ಇನ್ನು ಮದ್ದನ್ನು ಪರೀಕ್ಷಿಸುವ ವಿಚಾರ. ಇದಕ್ಕಾಗಿ ಇನ್ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

೧೭೮೪ರಲ್ಲಿ ಫ್ರಾನ್ಸಿನ ಅರಸನು ಒಂದು ಪರೀಕ್ಷಕಮಂಡಲಿಯನ್ನು ನೇಮಿಸಿದನು. ಮೆಸ್ಮರ್ ಎಂಬ ವೈದ್ಯನು ‘ಪ್ರಾಣಿಕಾಂತ’ವೆಂಬ ಅದೃಶ್ಯ ದ್ರವವೊಂದರಿಂದ ಸಮಸ್ತ ರೋಗಗಳನ್ನೂ ಗುಣಪಡಿಸುವೆನೆಂದು ಪ್ಯಾರಿಸ್ ನಗರವನ್ನೇ ಮರುಳುಮಾಡಿದ್ದನು. ಮಂಡಲಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲಾವಾಸಿಯೇ, ಜ್ಯೋತಿರ್ವಿದ ಬೈಯಿ ಮೊದಲಾದವರಿದ್ದರು. ಮೆಸ್ಮರನ ಶಿಷ್ಯನಾದ ದೆಸ್ಲೋನನು ಫ್ರಾಂಕ್ಲಿನ್ನರ ಮನೆಯ ತೋಟದಲ್ಲಿ ಒಂದು ಮರಕ್ಕೆ ಆ ಶಕ್ತಿಯನ್ನು ತುಂಬಿದನು. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ, ಒಂದಾದಮೇಲೊಂದರಂತೆ ಬೇರೆ ಮರಗಳ ಬಳಿಗೆ ಕರೆದೊಯ್ದರು. ನಾಲ್ಕನೆಯ ಮರದ ಹತ್ತಿರ ಹುಡುಗನು ಮೂರ್ಛೆಹೋದನು. ಶಕ್ತಿ ತುಂಬಿದ ಮರವು ದೂರದಲ್ಲಿ ಸುಮ್ಮನೆ ನಿಂತಿದ್ದಿತು!

ಹದಿನೈದು ವರ್ಷಗಳ ತರುವಾಯ ನಡೆದ ಇನ್ನೊಂದು ಪರೀಕ್ಷೆಯು ನಮ್ಮ ವಿಷಯಕ್ಕೆ ಮತ್ತೂ ಹತ್ತಿರವಾದುದು. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಎಲಿಷಾ ಪರ್ಕಿನ್ಸ್ ಎಂಬ ವೈದ್ಯನು ಎರಡು ಚೂಪಾದ ಲೋಹದ ಕಡ್ಡಿಗಳನ್ನು ಮಾಡಿಸಿ ೧೭೯೬ರಲ್ಲಿ ಅವಕ್ಕೆ ಸರಕಾರದ ಏಕಸ್ವಾಮ್ಯಪತ್ರವನ್ನು ಪಡೆದನು. ಅವುಗಳ ಹೆಸರು ‘ಟ್ರ್ಯಾಕ್ಟರ್’. ನಮ್ಮ ಹೊಲಗಳನ್ನು ಉಳುವ ಯಂತ್ರವೆಂದು ವಾಚಕರು ತಿಳಿಯಬಾರದು; ಆ ಶಬ್ದಕ್ಕೆ ಎಳೆಯುವುದೆಂದು ಅರ್ಥ. ನೋವಿರುವ ಜಾಗದ ಮೇಲೆ ಈ ಕಡ್ಡಿಗಳನ್ನು ನೀವಿದರೆ ಅವು ನೋವನ್ನು ಹೊರಕ್ಕೆ ಎಳೆಯುವುವೆಂದು ಅವನು ಹೇಳಿದನು. ಅವನ ಮಗನು ಅವನ್ನು ಲಂಡನ್ನಿಗೆ ಒಯ್ದು ಜೊತೆಗೆ ಐದು ಗಿನಿಯಂತೆ ಮಾರಿದನು. ಗುಣವಾಯಿತೆಂದು ಪಾದ್ರಿಗಳೂ ಪಂಡಿತರೂ ಸಾಕ್ಷಿ ಬರೆದುಕೊಟ್ಟರು.

ಆಗ ಬಾತ್ ಎಂಬ ಪಟ್ಟಣದಲ್ಲಿ ಜಾನ್ ಹೇಗಾರ್ತ್ ಎಂಬ ವೃದ್ಧ ವೈದ್ಯರಿದ್ದರು. ಬಾತ್ ಪಟ್ಟಣವು ಬಿಸಿನೀರಿನ ಬುಗ್ಗೆಗಳಿಗೆ ರೋಮನ್ನರ ಕಾಲದಿಂದಲೂ ಪ್ರಸಿದ್ಧವಾದುದು. ಕೈಕಾಲುನೋವಿನ ರೋಗಿಗಳು ಅಲ್ಲಿಗೆ ಯಾತ್ರೆಯಂತೆ ಬರುತ್ತಿದ್ದರು. ಹೇಗಾರ್ತರು ಆ ಕಡ್ಡಿಗಳ ಆಕಾರದಲ್ಲಿಯೇ ಮರದ ಕಡ್ಡಿಗಳನ್ನು ಕೊರೆಯಿಸಿ, ಲೋಹದಂತೆ ತೋರುವ ಬಣ್ಣವನ್ನು ಹಚ್ಚಿಸಿದರು. ೧೭೯೯ನೆಯ ಇಸವಿ ಜನವರಿ ೭ನೆಯ ತಾರೀಖು ಆಸ್ಪತ್ರೆಯ ಐದು ಮಂದಿ ರೋಗಿಗಳಿಗೆ ಅವುಗಳಿಂದ ಚಿಕಿತ್ಸೆಯಾಯಿತು. ಒಬ್ಬನ ಹೊರತು ಉಳಿದ ನಾಲ್ವರೂ ನೋವು ಇಳಿಯಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳಿಂದ ನೀವಿದರು. ಫಲವು ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ೧೮೦೦ರಲ್ಲಿ ಹೇಗಾರ್ತರು ಈ ವೃತ್ತಾಂತವನ್ನು ಪ್ರಕಟಿಸಿ, ದೇಹದ ರೋಗಗಳನ್ನು ಹುಟ್ಟಿಸುವುದಕ್ಕೂ ಗುಣಪಡಿಸುವುದಕ್ಕೂ ಕಲ್ಪನೆಯು ಕಾರಣವಾಗಬಲ್ಲುದೆಂದು ನಿರೂಪಿಸಿದರು.

ನಮ್ಮ ನೈಯಾಯಿಕರ ಭಾಷೆಯಲ್ಲಿ ಹೇಳುವುದಾದರೆ, ಇದು ಅನ್ವಯವ್ಯತಿರೇಕಗಳ ಪರೀಕ್ಷೆ. ಕಾರಣವಿದ್ದರೆ ಕಾರ್ಯವಿರಬೇಕು, ಇದು ಅನ್ವಯ. ಕಾರಣವಿಲ್ಲದಿದ್ದರೆ ಕಾರ್ಯವೂ ಇರಬಾರದು, ಇದು ವ್ಯತಿರೇಕ. ಲೋಹವಿದ್ದಾಗ ನೋವು ಇಳಿಯಿತೆಂದು ಸಾಕ್ಷಿ ಬರೆದವರು ಅನ್ವಯವನ್ನು ಮಾತ್ರ ನೋಡಿದರು. ಲೋಹವಿಲ್ಲದಾಗ ಏನಾಗುವುದೆಂದು ಕೇಳಿದವರು ಹೇಗಾರ್ತರು. ಲೋಹವಿಲ್ಲದೆಯೂ ನೋವು ಇಳಿದುದರಿಂದ ಲೋಹವು ಕಾರಣವಲ್ಲವೆಂದು ಸಿದ್ಧವಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿಹೇಳಬೇಕು. ಆ ನಾಲ್ವರು ಸುಳ್ಳಾಡಲಿಲ್ಲ. ಅವರ ನೋವೂ ನಿಜ, ಅದು ಇಳಿದದ್ದೂ ನಿಜ. ತಪ್ಪಿದ್ದು ಕಾರಣದ ನಿಶ್ಚಯದಲ್ಲಿ ಮಾತ್ರ. ದೀರ್ಘಕಾಲದ ನೋವು ಸಮುದ್ರದ ಅಲೆಯಂತೆ ಏರಿ ಇಳಿಯುವುದು. ತೀರ ಏರಿದಾಗ ನಾವು ಹೊಸ ಮದ್ದನ್ನು ಹುಡುಕುವೆವು. ತಾನಾಗಿ ಇಳಿಯುವ ಸಮಯಕ್ಕೆ ಸರಿಯಾಗಿ ಮದ್ದು ಹೊಟ್ಟೆಯಲ್ಲಿರುವುದು. ಗುಣವಾಗುವುದೆಂಬ ಭರವಸೆಯು ನೋವನ್ನು ಕುಗ್ಗಿಸುವುದು. ಮದ್ದಿನೊಡನೆ ಪಥ್ಯವನ್ನೂ ವಿಶ್ರಾಂತಿಯನ್ನೂ ಹಿಡಿದಿರುವೆವು; ಮನೆಯವರೂ ಆಗ ಸ್ವಲ್ಪ ಆದರದಿಂದ ನೋಡುವರು. ಇಷ್ಟೂ ಹಣ್ಣುಗಳು ಮಾಗಿ ನಿಂತಿರುವಾಗ ಯಾವ ಕಾಗೆ ಬಂದು ಕುಳಿತರೂ ಅದಕ್ಕೇ ಕೀರ್ತಿ.

೪

ಹೇಗಾರ್ತರ ಮರದ ಕಡ್ಡಿಯೇ ಬೆಳೆದು ಇಂದಿನ ವೈದ್ಯಪರೀಕ್ಷೆಯ ಕ್ರಮವಾಗಿದೆ. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಮಾಡಿ, ಒಂದಕ್ಕೆ ನಿಜವಾದ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹುಸಿಚಿಕಿತ್ಸೆಯನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ಮರೆಮಾಡಿ ಹೋಲಿಸುವರು. ಫೈಬ್ರೊಮಯಾಲ್ಜಿಯಕ್ಕೆ ಜನರು ಅನುಸರಿಸುವ ಬೇರೆಬೇರೆ ಮಾರ್ಗಗಳು ಈ ತಕ್ಕಡಿಯಲ್ಲಿ ಎಷ್ಟು ತೂಗಿದವೆಂಬುದನ್ನು ನೋಡೋಣ.

ಚೀನದ ಸೂಜಿಚಿಕಿತ್ಸೆ, ಎಂದರೆ ಅಕ್ಯುಪಂಕ್ಚರ್, ೨೦೦೫ರಲ್ಲಿ ಅಮೆರಿಕದಲ್ಲಿ ೧೦೦ ಮಂದಿಯ ಮೇಲೆ ಪರೀಕ್ಷಿಸಲ್ಪಟ್ಟಿತು. ಸರಿಯಾದ ಸ್ಥಾನದಲ್ಲಿ ಚುಚ್ಚಿದವರಿಗೂ, ತಪ್ಪು ಸ್ಥಾನದಲ್ಲಿ ಚುಚ್ಚಿದವರಿಗೂ, ಚುಚ್ಚಿದಂತೆ ನಟಿಸಿದವರಿಗೂ ಫಲದಲ್ಲಿ ಭೇದವು ತೋರಲಿಲ್ಲ. ೨೦೧೩ರಲ್ಲಿ ಕಾಕ್ರೇನ್ ಸಂಸ್ಥೆಯು ಒಂಬತ್ತು ಪರೀಕ್ಷೆಗಳನ್ನೂ ಅವುಗಳ ೩೯೫ ರೋಗಿಗಳನ್ನೂ ಒಟ್ಟಿಗೆ ವಿಮರ್ಶಿಸಿತು. ಏನೂ ಮಾಡದಿರುವುದಕ್ಕಿಂತ ಸೂಜಿಯಿಂದ ಸ್ವಲ್ಪ ಹಿತವುಂಟು, ಆದರೆ ಹುಸಿಸೂಜಿಗಿಂತ ಹೆಚ್ಚೆಂದು ಹೇಳಲಾಗದು ಎಂಬುದು ಅದರ ತಾತ್ಪರ್ಯ. ಬಾತ್ ಪಟ್ಟಣದ ಕಡ್ಡಿಗಳು ವಾಚಕರ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ.

ಮೈಯನ್ನು ನಿಧಾನವಾಗಿ ಚಲಿಸುವ ಅಭ್ಯಾಸಗಳು ಇದಕ್ಕಿಂತ ಚೆನ್ನಾಗಿ ನಿಂತಿವೆ. ಚೀನದ ‘ತಾಯ್ ಚೀ’ ಎಂಬ ಅಂಗಸಾಧನೆಯನ್ನು ಬಾಸ್ಟನ್ ನಗರದ ವೈದ್ಯರು ೨೦೧೦ರಲ್ಲಿ ೬೬ ಮಂದಿಯಲ್ಲಿ ಪರೀಕ್ಷಿಸಿದರು. ಒಂದು ಗುಂಪಿನವರು ವಾರಕ್ಕೆ ಎರಡು ಸಲ ಒಂದೊಂದು ಗಂಟೆಯಂತೆ ೧೨ ವಾರ ಅದನ್ನು ಮಾಡಿದರು. ಇನ್ನೊಂದು ಗುಂಪಿನವರು ಆರೋಗ್ಯದ ಉಪನ್ಯಾಸಗಳನ್ನು ಕೇಳಿ ಕೈಕಾಲುಗಳನ್ನು ಚಾಚುವ ವ್ಯಾಯಾಮ ಮಾಡಿದರು. ಮೊದಲನೆಯವರಿಗೆ ನೋವೂ ನಿದ್ರೆಯೂ ಹೆಚ್ಚು ಸುಧಾರಿಸಿದವು. ೨೪ನೆಯ ವಾರದಲ್ಲಿಯೂ ಆ ಹಿತವು ಉಳಿದಿತ್ತು. ೨೦೧೮ರಲ್ಲಿ ೨೨೬ ಮಂದಿಯ ಇನ್ನೊಂದು ಪರೀಕ್ಷೆಯಲ್ಲಿ ಅದು ವೇಗದ ನಡಿಗೆಯೇ ಮೊದಲಾದ ವ್ಯಾಯಾಮಗಳಿಗೆ ಸಮವಾಗಿ ಅಥವಾ ಮಿಗಿಲಾಗಿ ಕಂಡಿತು. ನಮ್ಮ ಯೋಗಾಭ್ಯಾಸವನ್ನೂ ೨೦೧೦ರಲ್ಲಿ ಅಮೆರಿಕದ ಆರಿಗನ್ ಪ್ರಾಂತದಲ್ಲಿ ೫೩ ಮಂದಿ ಸ್ತ್ರೀಯರಲ್ಲಿ ಎಂಟು ವಾರದ ಕ್ರಮವಾಗಿ ಪರೀಕ್ಷಿಸಿದರು. ನೋವು ಬಳಲಿಕೆಗಳು ಕಡಮೆಯಾದವು. ಆದರೆ ಪ್ರಾಮಾಣಿಕನಾದವನು ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು: ಸೂಜಿಗೆ ಹುಸಿಸೂಜಿಯುಂಟು, ಮಾತ್ರೆಗೆ ಹುಸಿಮಾತ್ರೆಯುಂಟು, ಆಸನ ಹಾಕುತ್ತಿರುವವನಿಗೆ ತಾನು ಆಸನ ಹಾಕುತ್ತಿಲ್ಲವೆಂದು ನಂಬಿಸುವ ಉಪಾಯವಿಲ್ಲ. ಆದುದರಿಂದ ಭರವಸೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂದು ಪೂರ್ಣವಾಗಿ ಬೇರ್ಪಡಿಸಲಾಗದು. ಅಷ್ಟಾದರೂ ಅಪಾಯವು ಅತ್ಯಲ್ಪವಾದ್ದರಿಂದ ಈ ಸಂದೇಹವನ್ನು ಇಟ್ಟುಕೊಂಡೇ ಅಭ್ಯಾಸಮಾಡಬಹುದು.

ಯೂರೋಪಿನ ಸಂಧಿವಾತವೈದ್ಯರ ಒಕ್ಕೂಟವು ೨೦೧೭ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ಬಲವಾಗಿ ವಿಧಿಸಿರುವುದು ಒಂದನ್ನೇ, ಅದು ವ್ಯಾಯಾಮ. ಯೋಗ, ತಾಯ್ ಚೀ, ಬಿಸಿನೀರಿನ ಚಿಕಿತ್ಸೆ, ಸೂಜಿಚಿಕಿತ್ಸೆ, ಮನಸ್ಸಿನ ಅಭ್ಯಾಸಗಳು ಇವನ್ನು ದುರ್ಬಲವಾಗಿ ಮಾತ್ರ ಅನುಮೋದಿಸಿದೆ. ಔಷಧಾಲಯದ ಮಾತ್ರೆಗಳಿಗೂ ಸಿಕ್ಕಿದ್ದು ಅಂತಹುದೇ ದುರ್ಬಲವಾದ ಅನುಮೋದನೆ. ಅಮೆರಿಕದ ಸರಕಾರವು ೨೦೦೭ರಿಂದ ೨೦೦೯ರೊಳಗೆ ಪ್ರಿಗ್ಯಾಬಲಿನ್, ಡ್ಯುಲೊಕ್ಸಿಟಿನ್, ಮಿಲ್ನಾಸಿಪ್ರಾನ್ ಎಂಬ ಮೂರನ್ನು ಈ ರೋಗಕ್ಕೆ ಒಪ್ಪಿರುವುದಾದರೂ, ಅವು ಕೆಲವರಿಗೆ ಒದಗುವುವು, ಅನೇಕರಿಗೆ ಒದಗವು. ತಲೆಸುತ್ತು, ಓಕರಿಕೆ, ನಿದ್ರೆಯಮಂಪರುಗಳನ್ನೂ ತರುವುವು. ಇನ್ನು ಸ್ಟೀರಾಯ್ಡಿನ ಮಾತು. ಅದನ್ನು ೧೯೮೫ರಷ್ಟು ಹಿಂದೆಯೇ ಹುಸಿಮಾತ್ರೆಯೊಡನೆ ಹೋಲಿಸಿ, ಈ ರೋಗಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ಕಂಡಿದ್ದರು. ಒಕ್ಕೂಟವು ಅದನ್ನು ಕೂಡದೆಂದೇ ನಿಷೇಧಿಸಿದೆ. ಹಾಗಾದರೆ ನನ್ನ ತಂಗಿ ಆ ವಾರದಲ್ಲಿ ಎದ್ದು ಓಡಾಡಿದುದು ಹೇಗೆ? ಸ್ಟೀರಾಯ್ಡು ಮೊದಮೊದಲು ಒಂದು ಕೃತಕವಾದ ಉತ್ಸಾಹವನ್ನು ಹುಟ್ಟಿಸುವುದುಂಟೆಂದು ವೈದ್ಯರು ವಿವರಿಸಿದರು. ಅದರೊಡನೆ, ಅಣ್ಣನು ಮೊದಲ ಸಲ ತನ್ನ ನೋವನ್ನು ನಂಬಿ ಮದ್ದು ತಂದನೆಂಬ ಸಮಾಧಾನವೂ ಸೇರಿದ್ದಿತೆಂದು ನಾನು ಎಣಿಸುತ್ತೇನೆ.

೫

ಫಲವನ್ನು ತೂಗುವುದು ತಕ್ಕಡಿಯ ಒಂದು ತಟ್ಟೆ. ಅಪಾಯವನ್ನು ತೂಗುವುದು ಇನ್ನೊಂದು. ಪ್ರಕೃತಿಯಿಂದ ಬಂದುದು ಹಾನಿಮಾಡದೆಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಕಾಸರ್ಕನ ಬೀಜವೂ ಪ್ರಕೃತಿಯಿಂದಲೇ ಬಂದುದಲ್ಲವೆ?

೧೯೭೫ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು, ಚೀನದ ಗಿಡಮೂಲಿಕೆಗಳೆಂಬ ಹೆಸರಿನಲ್ಲಿ ಕೀಲುನೋವಿಗೆ ಮಾರುತ್ತಿದ್ದ ಗುಳಿಗೆಗಳನ್ನು ಸೇವಿಸಿದವರ ರಕ್ತದಲ್ಲಿ ಬಿಳಿಯ ಕಣಗಳು ಅಪಾಯಕರವಾಗಿ ಕುಸಿದ ವರದಿಯನ್ನು ಪ್ರಕಟಿಸಿತು. ಗುಳಿಗೆಯನ್ನು ಶೋಧಿಸಲು ಅಮಿನೊಪೈರಿನ್, ಫಿನೈಲ್‌ಬ್ಯುಟಜೋನ್ ಎಂಬ ತೀಕ್ಷ್ಣವಾದ ರಾಸಾಯನಿಕ ಔಷಧಗಳು ಬೆರೆತಿದ್ದುದು ತಿಳಿಯಿತು. ೧೯೮೯ರಲ್ಲಿ ನಡೆದುದು ಇನ್ನೂ ದಾರುಣ. ಟ್ರಿಪ್ಟೊಫಾನ್ ಎಂಬ ಆಹಾರಾಂಶವನ್ನು ನಿದ್ರೆಗಾಗಿಯೂ ಮನಸ್ಸಿನ ಖಿನ್ನತೆಗಾಗಿಯೂ ಅನೇಕರು ಅಂಗಡಿಯಿಂದ ಕೊಂಡು ನುಂಗುತ್ತಿದ್ದರು. ಆ ವರ್ಷ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಮೊದಲಾಗಿ ಅನೇಕರು ಸಹಿಸಲಾಗದ ಸ್ನಾಯುನೋವಿನಿಂದ ಬಿದ್ದರು. ೧೫೦೦ಕ್ಕೂ ಹೆಚ್ಚು ಮಂದಿ ಪೀಡಿತರಾದರು, ೩೦ಕ್ಕೂ ಹೆಚ್ಚು ಮಂದಿ ಸತ್ತರು. ಒಂದೇ ತಯಾರಕರ ಸರಕಿನೊಡನೆ ಈ ಕೇಡಿಗೆ ಸಂಬಂಧವು ಕಂಡಿತು. ಅದರಲ್ಲಿ ಸೇರಿದ್ದ ಕಶ್ಮಲದ ಮೇಲೆಯೇ ಮುಖ್ಯವಾದ ಸಂಶಯ. ನಿದ್ರೆಯನ್ನು ಬಯಸಿ ನುಂಗಿದವರಿಗೆ ಮೈನೋವೇ ಫಲವಾಯಿತು.

ನಮ್ಮ ಆಯುರ್ವೇದವನ್ನು ಕುರಿತು ನನಗೆ ಗೌರವವುಂಟು. ಅದುಕಾರಣವೇ ಮುಂದಿನ ಮಾತನ್ನು ಮುಚ್ಚಿಡಲಾರೆನು. ೨೦೦೪ರಲ್ಲಿ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ದೊರೆತ, ದಕ್ಷಿಣ ಏಷ್ಯದಲ್ಲಿ ತಯಾರಾದ ೭೦ ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಲು, ೧೪ರಲ್ಲಿ ಸೀಸ, ಪಾದರಸ ಅಥವಾ ಪಾಷಾಣವಿದ್ದುದು ಕಂಡುಬಂದಿತು. ೨೦೦೮ರಲ್ಲಿ ೧೯೩ ಪದಾರ್ಥಗಳನ್ನು ನೋಡಿದಾಗಲೂ ಐದರಲ್ಲಿ ಒಂದರಂತೆಯೇ ಇದ್ದಿತು; ಅಮೆರಿಕದಲ್ಲಿ ತಯಾರಾದವೂ ಇದಕ್ಕೆ ಹೊರತಾಗಿರಲಿಲ್ಲ. ಇದರಿಂದ ಶಾಸ್ತ್ರವೇ ದೂಷಿತವಾಯಿತೆಂದು ನಾನು ಹೇಳುವುದಿಲ್ಲ. ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ, ಗುಣ ಪ್ರಯೋಗಗಳನ್ನು ಅರಿಯದ ಔಷಧವನ್ನು ವಿಷಕ್ಕೂ ಬೆಂಕಿಗೂ ಸಮವಾಗಿ ಎಣಿಸಿ ಎಚ್ಚರಿಸಿದೆ. ಹೆಸರಿಲ್ಲದ ಪೊಟ್ಟಣವನ್ನು ಶಾಸ್ತ್ರದ ಹೆಸರಿನಲ್ಲಿ ನುಂಗುವವನು ಶಾಸ್ತ್ರಕ್ಕೇ ವಿರುದ್ಧವಾಗಿ ನಡೆದವನಾಗುತ್ತಾನೆ. ಫೈಬ್ರೊಮಯಾಲ್ಜಿಯವೂ ಗ್ರಂಥಗಳಲ್ಲಿ ಹೇಳಿದ ವಾತವ್ಯಾಧಿಗಳಲ್ಲೊಂದೂ ಒಂದೇ ಎಂದು ಶಬ್ದಬಲದಿಂದ ಸಾಧಿಸಹೊರಡುವುದೂ ಪಂಡಿತರಿಗೆ ತಕ್ಕುದಲ್ಲ.

ಎರಡು ಒಳ್ಳೆಯ ಮದ್ದುಗಳು ಕೂಡಿ ಕೆಟ್ಟದ್ದಾಗುವುದೂ ಉಂಟು. ಖಿನ್ನತೆಗೆಂದು ಯೂರೋಪಿನಲ್ಲಿ ಬಳಸುವ ‘ಸೇಂಟ್ ಜಾನ್ಸ್ ವರ್ಟ್’ ಎಂಬ ಮೂಲಿಕೆಯನ್ನು ಮೇಲೆ ಹೇಳಿದ ಡ್ಯುಲೊಕ್ಸಿಟಿನ್ ಮಾತ್ರೆಯೊಡನೆ ಸೇವಿಸಿದರೆ ನಡುಕ, ಜ್ವರ, ಚಿತ್ತಭ್ರಮೆಗಳು ಹುಟ್ಟಬಹುದು. ನಮ್ಮ ಮನೆಗಳಲ್ಲಿ ಪರಿಚಿತವಾದ ಅಶ್ವಗಂಧದಿಂದಲೂ ಅಪರೂಪವಾಗಿ ಯಕೃತ್ತಿಗೆ ಕೇಡಾದ ವರದಿಗಳಿವೆ.

ಕಡೆಯದಾಗಿ, ಕಣ್ಣಿಗೆ ಕಾಣದ ಹಾನಿಯೊಂದಿದೆ. ಅದು ಕಾಲದ ಹಾನಿ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ವಿಟಮಿನ್ ಡಿ ಕೊರತೆ, ನಿಜವಾದ ಸಂಧಿವಾತ, ಇವೂ ಮೈನೋವು ಬಳಲಿಕೆಗಳ ವೇಷದಲ್ಲಿಯೇ ಬರುವುವು. ಇವಕ್ಕೆ ಬೇರೆ ಮದ್ದುಂಟು. ಪರೀಕ್ಷಿಸದೆ ಫೈಬ್ರೊಮಯಾಲ್ಜಿಯವೆಂದು ನಾವೇ ಹೆಸರಿಟ್ಟು ಎಣ್ಣೆ ತಿಕ್ಕುತ್ತ ಕುಳಿತರೆ ಗುಣವಾಗುವ ರೋಗವೂ ಬೇರೂರುವುದು.

೬

ಚರಕಸಂಹಿತೆಯಲ್ಲಿ ಪರೀಕ್ಷೆಯ ಸಾಧನಗಳು ನಾಲ್ಕೆಂದಿದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಒಂದು ಕಾರ್ಯಕ್ಕೆ ಅನೇಕ ಕಾರಣಗಳು ಕೂಡಿರುವುದನ್ನು ಬೇರ್ಪಡಿಸಿ ಕಾಣಬಲ್ಲ ಬುದ್ಧಿಯೇ ಯುಕ್ತಿ. ಈ ನಾಲ್ಕನ್ನೂ ಗೃಹಸ್ಥರು ತಮ್ಮ ಮನೆಯಲ್ಲಿ ಬಳಸಬಹುದು.

ಮೊದಲು, ರೋಗವನ್ನು ವೈದ್ಯರಿಂದ ನಿಶ್ಚಯಿಸಿಕೊಳ್ಳಬೇಕು. ನೋವು ನಿಜವೆಂದು ಮನೆಯವರು ಒಪ್ಪಬೇಕು. ಎರಡನೆಯದಾಗಿ, ಮದ್ದನ್ನು ಹೇಳುವವನು ಆಪ್ತನೆ ಎಂದು ನೋಡಬೇಕು: ಅವನೇ ಅದನ್ನು ಮಾರುವವನಾದರೆ, ಒಳಗಿರುವುದನ್ನು ಹೇಳದವನಾದರೆ, ಎಲ್ಲ ರೋಗಕ್ಕೂ ಒಂದೇ ಮದ್ದೆನ್ನುವವನಾದರೆ, ವೈದ್ಯರ ಮಾತ್ರೆಗಳನ್ನು ಕೂಡಲೇ ಬಿಡೆನ್ನುವವನಾದರೆ ಅವನು ಆಪ್ತನಲ್ಲ. ಮೂರನೆಯದಾಗಿ, ಒಂದು ಕಾಲಕ್ಕೆ ಒಂದನ್ನೇ ಹಿಡಿದು, ನೋವು ನಿದ್ರೆಗಳನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮದ್ದಿಗೆ ಮೊದಲಿನ ಎರಡು ವಾರಗಳನ್ನೂ ಬರೆದಿರಬೇಕು. ಇಲ್ಲವಾದರೆ ಕಾಗೆ ಬರುವ ಮೊದಲು ಹಣ್ಣು ಹೇಗಿತ್ತೆಂದು ತಿಳಿಯುವ ಬಗೆಯಿಲ್ಲ. ನಾಲ್ಕನೆಯದಾಗಿ, ಸೇವಿಸುತ್ತಿರುವ ಮೂಲಿಕೆ, ಪುಡಿ, ಲೇಹ್ಯಗಳೆಲ್ಲವನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಕಡೆಯದಾಗಿ, ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಇದರಿಂದ ಒಳ್ಳೆಯದಾಗುವುದೆ? ಇದರಿಂದ ಕೆಡುಕಾಗುವುದೆ? ಫಲವು ಸಂದಿಗ್ಧವಾಗಿ ಅಪಾಯವು ಅಲ್ಪವಾಗಿದ್ದರೆ, ಹಣವೂ ವಿಶೇಷವಾಗಿ ವ್ಯಯವಾಗದಿದ್ದರೆ, ಮಾಡಿನೋಡಬಹುದು. ನಡಿಗೆ, ಯೋಗ, ಬಿಸಿನೀರಿನ ಸ್ನಾನ ಇವು ಈ ವರ್ಗದವು ಅಥವಾ ಇದಕ್ಕಿಂತ ಮೇಲಿನವು. ಫಲವೂ ಸಂದಿಗ್ಧ, ಒಳಗಿರುವುದೂ ಅಜ್ಞಾತವಾದರೆ ಅದನ್ನು ಮನೆಯ ಹೊಸ್ತಿಲು ದಾಟಿಸಕೂಡದು.

ನನ್ನ ತಂಗಿಯು ಈಗ ಪೂರ್ಣವಾಗಿ ಗುಣವಾಗಿದ್ದಾಳೆಂದು ಬರೆದರೆ ಸುಳ್ಳಾಗುವುದು. ಬೆಳಗ್ಗೆ ಹತ್ತು ನಿಮಿಷದಿಂದ ಆರಂಭಿಸಿದ ನಡಿಗೆಯನ್ನು ಅರ್ಧ ಗಂಟೆಗೆ ತಂದಿದ್ದಾಳೆ. ವೈದ್ಯರು ಕೊಟ್ಟ ಒಂದು ಮಾತ್ರೆಯನ್ನು ರಾತ್ರಿ ಸೇವಿಸುತ್ತಾಳೆ. ಸಹಿಸಲಾಗದ ದಿನಗಳು ಮೊದಲಿಗಿಂತ ಕಡಮೆಯೆಂದು ಅವಳ ಪುಸ್ತಕವು ಹೇಳುತ್ತದೆ. ಆ ಪುಡಿಯನ್ನು ನಾನು ಹೊಗಳಿದ್ದ ಮನೆಗಳಿಗೆಲ್ಲ ಹೋಗಿ, ನನ್ನ ಮಾತು ತಪ್ಪೆಂದು ಹೇಳಿಬಂದೆನು. ಒಂದು ಮನೆಯಲ್ಲಿ ಅದನ್ನು ಆಗಲೇ ತರಿಸಿ, ಮನೆಯ ಹಿರಿಯರಿಗೆ ಕೊಡತೊಡಗಿದ್ದರು. ಅದನ್ನು ಒಮ್ಮೆಗೇ ನಿಲ್ಲಿಸದೆ ಅಂದೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರೆಂದು ಕೈಮುಗಿದು ಹೇಳಿದೆನು.

ಮೊನ್ನೆ ನಡಿಗೆಯಿಂದ ಬಂದು ಜಗುಲಿಯಲ್ಲಿ ಕುಳಿತವಳು, “ಅಣ್ಣ, ಈ ಕಾಯಿಲೆಗೆ ಒಂದು ಹೆಸರಿದೆ ಅಂತ ಡಾಕ್ಟರು ಹೇಳಿದರಲ್ಲ, ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ” ಎಂದಳು. ಇದನ್ನೂ ಕಾಕತಾಳೀಯವೆನ್ನಬೇಕೆ? ನ್ಯಾಯಶಾಸ್ತ್ರವನ್ನು ಓದಿದವನಾದರೂ ಆ ವೇಳೆಯಲ್ಲಿ ನಾನು ವಾದಮಾಡಲಿಲ್ಲ.